ಅವ್ವನ ಫೋನಿನಲ್ಲಿ ನಾನು ಮುಚ್ಚಿದ ಬಾಗಿಲುಗಳು

ಅಕ್ಕ, ಭಾವ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ಮಕ್ಕಳಿಬ್ಬರೂ ದೇವದುರ್ಗದಲ್ಲಿ, ನಮ್ಮ ಅವ್ವನ ಜೊತೆಗಿದ್ದಾರೆ. ರಾತ್ರಿ ಅವರಿಗೆ ತಾಯಿಯ ಮುಖ ಕಾಣುವುದು ವಿಡಿಯೊ ಕರೆಯಲ್ಲಿ ಮಾತ್ರ. ಹಾಗಾಗಿ ‘ಮಕ್ಕಳ ಕೈಗೆ ಮೊಬೈಲ್ ಕೊಡಲೇಬೇಡಿ’ ಎಂಬ ಉಪದೇಶ ನಮ್ಮ ಮನೆಗೆ ಹೊಂದುವುದಿಲ್ಲ. ಇಂಥ ಮನೆಗಳು ರಾಯಚೂರು ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಗುರುತಿನವರ ಕರೆಯಿಂದ ನನಗೆ ಭಯವಿರಲಿಲ್ಲ. ಯಾರೆಂದು ತಿಳಿಯದವರನ್ನು ಎದುರು ತಂದು ಕೂರಿಸುವ ಲೈವ್ ಚಾಟ್‌ಗಳದೇ ಚಿಂತೆ. 2009ರಲ್ಲಿ ಶುರುವಾಗಿದ್ದ ಓಮೆಗಲ್ ಎಂಬ ಅಂಥ ತಾಣ 2023ರ ನವೆಂಬರ್‌ನಲ್ಲಿ ಮುಚ್ಚಿತು, ಆದರೆ ಅದೇ ಬಗೆಯ ಬೇರೆ ತಾಣಗಳು ಉಳಿದಿವೆ.

ಮೊದಲು ಪ್ಲೇ ಸ್ಟೋರ್‌ನಲ್ಲಿ ಮಕ್ಕಳ ವಯಸ್ಸಿಗೆ ಒಪ್ಪದ ಆ್ಯಪ್‌ಗಳನ್ನು ತಡೆಯುವ ಪೇರೆಂಟಲ್ ಕಂಟ್ರೋಲ್ ಹಾಕಿ, ಪಿನ್ ನನ್ನ ಬಳಿಯೇ ಇಟ್ಟುಕೊಂಡೆ. ಅದೊಂದೇ ಸಾಲದು. ಈಗಾಗಲೇ ಇಳಿಸಿಕೊಂಡ ಆ್ಯಪ್‌ಗಳನ್ನು ಅದು ಮುಟ್ಟುವುದಿಲ್ಲ, ಬ್ರೌಸರ್‌ನಲ್ಲಿ ತೆರೆಯುವ ಚಾಟ್ ತಾಣಗಳನ್ನೂ ತಡೆಯುವುದಿಲ್ಲ. ಬೇಡದ ಆ್ಯಪ್‌ಗಳನ್ನು ಕೈಯಾರೆ ತೆಗೆದುಹಾಕಿದೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಮೈಕ್ ಎರಡನ್ನೂ ಬಂದ್ ಮಾಡಿದೆ. ಇದನ್ನು ಹೇಳುವವರು ಕಡಿಮೆ, ನನ್ನ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತರ ಕರೆ ರಿಂಗಾಗದಂತೆ, ಗುಂಪಿಗೆ ಪರಿಚಿತರು ಮಾತ್ರ ಸೇರಿಸುವಂತೆ ಬದಲಾಯಿಸಿದೆ.

ಅವ್ವನಿಗೆ ಓದಲು ಬಾರದು. ಆಂಡ್ರಾಯ್ಡ್ 12ರಿಂದೀಚಿನ ಫೋನ್‌ಗಳಲ್ಲಿ ಕ್ಯಾಮೆರಾ ಅಥವಾ ಮೈಕ್ ನಡೆಯುತ್ತಿದ್ದರೆ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಮೂಡುತ್ತದೆ. ಅದನ್ನೇ ತೋರಿಸಿಕೊಟ್ಟೆ. ಈಗ ಗುರುತು ಕಂಡರೆ ಸಾಕು, ‘ಯಾರ ಜೊತೆ ಮಾತು? ನನಗೂ ಮುಖ ತೋರಿಸು’ ಎಂದು ಅವ್ವ ಹತ್ತಿರ ಹೋಗಿ ಕೂರುತ್ತಾಳೆ. ಯಾವ ಆ್ಯಪ್‌ಗೂ ಇಷ್ಟು ಚುರುಕಿಲ್ಲ! ಕರೆ ಪಡಸಾಲೆಯಲ್ಲಿಯೇ ಆಗಬೇಕು, ಶಾಲೆಯ ಸಮವಸ್ತ್ರದಲ್ಲಿ ಬೇಡ ಎಂಬುದೂ ನಮ್ಮ ನಿಯಮ. ಸಮವಸ್ತ್ರ ಕಂಡರೆ ಶಾಲೆ ಯಾವುದೆಂದು ತಿಳಿದುಬಿಡುತ್ತದೆ. ಮಾತು ಮುಗಿದರೂ ಚಿತ್ರ ಮುಗಿಯುವುದಿಲ್ಲ, ಆ ಕಡೆಯವರು ಅದನ್ನು ರೆಕಾರ್ಡ್ ಮಾಡಿಕೊಳ್ಳಬಹುದೆಂದು ಮಕ್ಕಳಿಗೆ ತಿಳಿಸಿದ್ದೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯ ದೊಡ್ಡವರನ್ನು ಒಪ್ಪಿಸುವುದು. ಮಗು ಬಂದು ‘ಯಾರೋ ಹೀಗೆ ಕೇಳಿದರು’ ಎಂದರೆ ಬೈಯಬಾರದು, ಫೋನ್ ಕಿತ್ತುಕೊಳ್ಳಬಾರದು ಎಂದೆ. ಭಾವ ಒಪ್ಪಲಿಲ್ಲ, ‘ಸಲುಗೆ ಕೊಟ್ಟರೆ ಹಾಳಾಗುತ್ತಾರೆ’ ಎಂದರು. ಒಂದು ಸಲ ಬೈಸಿಕೊಂಡ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ, ಬೆದರಿಸುವವನಿಗೆ ಬೇಕಾದದ್ದೂ ಅದೇ ಎಂದು ವಾದಿಸಿದೆ. ಕೊನೆಗೆ ಅಕ್ಕನೇ ವಿಡಿಯೊ ಕರೆಯಲ್ಲಿ ಮಕ್ಕಳೆದುರು ಮಾತು ಕೊಟ್ಟಳು.

ಅದು ಫಲ ಕೊಟ್ಟಿತು. ಆಟದ ಆ್ಯಪ್ ಒಂದರಲ್ಲಿ ಯಾರೋ ನಾಣ್ಯ ಕೊಡುತ್ತೇನೆ, ಕ್ಯಾಮೆರಾ ಹಾಕು ಎಂದಾಗ ಸೋದರಳಿಯ ನೇರ ನನ್ನ ಬಳಿ ಬಂದ. ಹುಡುಗನಿಗೇನು ಅಪಾಯ ಎನ್ನುವವರಿದ್ದಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಗಂಡು ಮಕ್ಕಳನ್ನೂ ರಕ್ಷಿಸುತ್ತದೆ. ಸಂದೇಶವನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದು, ಆ ಖಾತೆಯ ಬಗ್ಗೆ ಆ್ಯಪ್‌ನಲ್ಲಿಯೇ ದೂರು ಕೊಟ್ಟು, ಆಮೇಲೆ ಬ್ಲಾಕ್ ಮಾಡಿದೆವು. ವಿಷಯ ಅಲ್ಲಿಗೇ ನಿಂತಿತು. ಚಿತ್ರಕ್ಕಾಗಿ ಪೀಡಿಸಿದರೆ, ಬೆದರಿಸಿದರೆ ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ಅಪರಾಧದ 1930 ಇವೆ. ಎರಡನ್ನೂ ಅವ್ವನ ಫೋನಿನಲ್ಲಿ ಉಳಿಸಿದ್ದೇನೆ.