ಮೂರನೇ ಹಸಿರು ದೀಪ ಹತ್ತದಿದ್ದಾಗ

ಇಳಿಯುವ ಮುಂಚೆ ರನ್‌ವೇಗೆ ಸಮಾನಾಂತರವಾಗಿ ಹಾರುವ ಡೌನ್‌ವಿಂಡ್‌ನಲ್ಲಿ, ಚಕ್ರ ಇಳಿಸುವ ಅಂಡರ್‌ಕ್ಯಾರೇಜ್ ಹಿಡಿಕೆ ಕೆಳಗೆ ಒತ್ತಿದಿರಿ. ಚಕ್ರ ಇಳಿದು ಲಾಕ್ ಆದರೆ ಅದರ ದೀಪ ಹಸಿರು. ಹೊಟ್ಟೆಯಡಿ ದಡ್ ದಡ್ ಸದ್ದು. ಮೂಗಿನ ಚಕ್ರ ಹಸಿರು, ಬಲಗಡೆ ಹಸಿರು, ಎಡಗಡೆ ಮಾತ್ರ ಕೆಂಪು. ವಾಯುಪಡೆಯಲ್ಲಿ ತರಬೇತಿ ಜೆಟ್ ಹಾರಿಸುತ್ತಿದ್ದ ಕಾಲದಲ್ಲಿ ನನಗೆ ಇದು ಎರಡು ಸಲ ಆಗಿದೆ. ಮೊದಲ ಸಲ ಹಿಡಿಕೆಯನ್ನು ಮೇಲೆ, ಕೆಳಗೆ, ಮತ್ತೆ ಮೇಲೆ ಅಂತ ಎಳೆದಾಡಿದೆ, ಕೆಟ್ಟ ಫ್ಯಾನಿನ ಸ್ವಿಚ್ ಕುಟ್ಟುವ ಹಾಗೆ. ಪಕ್ಕದ ಸೀಟಿನ ಇನ್‌ಸ್ಟ್ರಕ್ಟರ್ ಕೈಗೆ ಒಂದು ಏಟು ಕೊಟ್ಟರು. "ಇಳಿದಿರೋ ಎರಡನ್ನೂ ಕಳ್ಕೋಬೇಕಾ?" ಅಂದರು.

ಅದಕ್ಕೇ ಮೊದಲು ಹಿಡಿಕೆಯಿಂದ ಕೈ ತೆಗೆಯಿರಿ. ಓವರ್‌ಶೂಟ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಎತ್ತರಕ್ಕೆ ಹೋಗಿ, ಕಂಟ್ರೋಲ್ ಟವರ್‌ಗೆ ಹೇಳಿ. ವಿಮಾನ ಹಾರಿಸುವುದನ್ನು ಮಾತ್ರ ಮರೆಯಬೇಡಿ. 1972ರ ಡಿಸೆಂಬರ್‌ನಲ್ಲಿ ಮಯಾಮಿ ಹತ್ತಿರ ಒಂದು ಟ್ರೈಸ್ಟಾರ್ ವಿಮಾನ ಜೌಗಿಗೆ ಬಿತ್ತು. ಸಿಬ್ಬಂದಿಯೆಲ್ಲ ಮೂಗಿನ ಚಕ್ರದ ಸುಟ್ಟ ಬಲ್ಬಿನ ಹಿಂದೆ ಬಿದ್ದಿದ್ದರು, ಎತ್ತರ ಇಳಿಯುತ್ತಿದ್ದದ್ದು ಯಾರಿಗೂ ಕಾಣಲಿಲ್ಲ.

ಆಮೇಲೆ ಇಂಧನ. ಗೇಜ್ ನೋಡಿ, ಅದು ಇನ್ನೆಷ್ಟು ನಿಮಿಷಕ್ಕೆ ಸಾಕು ಅಂತ ಲೆಕ್ಕ ಹಾಕಿ, ತೊಡೆಯ ಮೇಲಿನ ಪ್ಯಾಡ್‌ನಲ್ಲಿ ಬರೆಯಿರಿ. 35 ನಿಮಿಷ ಇದ್ದರೆ ಕೊನೆಯ 10 ನಿಮ್ಮದಲ್ಲ ಅಂದುಕೊಳ್ಳಿ. 1978ರಲ್ಲಿ ಪೋರ್ಟ್‌ಲ್ಯಾಂಡ್ ಬಳಿ ಒಂದು ಡಿಸಿ-8 ಚಕ್ರದ ಚಿಂತೆಯಲ್ಲೇ ಸುತ್ತು ಹಾಕಿ ಹಾಕಿ ಇಂಧನ ಮುಗಿದು ಬಿತ್ತು. ಎರಡೂ ಪ್ರಯಾಣಿಕ ವಿಮಾನಗಳೇ, ಆದರೆ ಪಾಠ ನಮಗೂ ಅದೇ.

ಈಗ ನಿಧಾನವಾಗಿ ಹುಡುಕಿ. ಬಲ್ಬ್ ಒತ್ತಿ ಪರೀಕ್ಷಿಸಿ. ಚಕ್ರ ಇಳಿಸುವ ಹೈಡ್ರಾಲಿಕ್ ದ್ರವದ ಒತ್ತಡ ನೋಡಿ. ವೇಗ ಅಂಡರ್‌ಕ್ಯಾರೇಜ್ ಮಿತಿಯೊಳಗೆ ಇದೆಯಾ? ಜೊತೆಗೆ ಇನ್ನೊಂದು ವಿಮಾನ ಇದ್ದರೆ ಕೆಳಗೆ ಬಂದು ನೋಡಲಿ. ಇಲ್ಲದಿದ್ದರೆ ಟವರ್ ಮುಂದೆ ಒಮ್ಮೆ ಹಾದುಹೋಗಿ, ಬೈನಾಕ್ಯುಲರ್‌ನಲ್ಲಿ ನೋಡುತ್ತಾರೆ. ಆದರೆ ಅವರು "ಇಳಿದಿದೆ" ಅಂದರೆ ಲಾಕ್ ಆಗಿದೆ ಅಂತ ಅಲ್ಲ. ಲಾಕ್ ಆಗದ ಚಕ್ರವೂ ದೂರದಿಂದ ಚೆನ್ನಾಗೇ ಕಾಣುತ್ತದೆ.

ಇದೆಲ್ಲ ಆದ ಮೇಲೇ ಚಕ್ರ ಇಳಿಸುವ ತುರ್ತು ವ್ಯವಸ್ಥೆ. ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದು ಓದಿ, ಬಾಯಿಪಾಠ ನಂಬಬೇಡಿ. ಮಿಗ್-21ರಂಥ ವಿಮಾನದಲ್ಲಿ ಒತ್ತಿಟ್ಟ ಗಾಳಿ ಚಕ್ರವನ್ನು ತಳ್ಳುತ್ತದೆ. ಇಳಿದ ಮೇಲೆ ಮತ್ತೆ ಮೇಲೆತ್ತುವ ಯೋಚನೆಯೇ ಬೇಡ. ಹೈಡ್ರಾಲಿಕ್ ಹೋಗಿದ್ದರೆ ಬ್ರೇಕ್, ಸ್ಟೀರಿಂಗ್ ಎಷ್ಟು ಸಿಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ.

ಆಗಲೂ ಹಸಿರು ಬರದಿದ್ದರೆ ಒಬ್ಬರೇ ತೀರ್ಮಾನ ಮಾಡಬೇಡಿ, ಕೆಳಗಿನ ಅನುಭವಿಗಳನ್ನು ಕೇಳಿ. ಆದರೆ ಪ್ರತಿ ಹೊಸ ಪ್ರಯತ್ನಕ್ಕೂ ಮುಂಚೆ "ಇದರಿಂದ ಏನು ಕೆಡಬಹುದು?" ಅಂತಲೂ ಕೇಳಿ. 2025ರ ಜನವರಿಯಲ್ಲಿ ಅಲಾಸ್ಕಾದ ಐಲ್ಸನ್ ವಾಯುನೆಲೆಯಲ್ಲಿ ಎಫ್-35 ಯುದ್ಧವಿಮಾನದ ಪೈಲಟ್ ಸುಮಾರು 50 ನಿಮಿಷ ಎಂಜಿನಿಯರುಗಳ ಜೊತೆ ಮಾತಾಡಿದ. ಹೈಡ್ರಾಲಿಕ್ ದ್ರವದಲ್ಲಿ ನೀರು ಸೇರಿ ಹೆಪ್ಪುಗಟ್ಟಿ ಮೂಗಿನ ಚಕ್ರ ಓರೆಯಾಗಿತ್ತು. ಅದನ್ನು ನೇರ ಮಾಡಲು ಎರಡು ಸಲ ರನ್‌ವೇ ಮುಟ್ಟಿ ಎದ್ದ. ಆಮೇಲೆ ವಿಮಾನ ತಾನು ನೆಲದ ಮೇಲಿದ್ದೇನೆ ಅಂದುಕೊಂಡಿತು, ಹಿಡಿತಕ್ಕೆ ಸಿಗಲಿಲ್ಲ. ಪೈಲಟ್ ಇಜೆಕ್ಟ್ ಆಗಿ, ಅಂದರೆ ಸೀಟಿನ ಸಮೇತ ಹೊರಗೆ ಚಿಮ್ಮಿ, ಉಳಿದ.

ಹೊಸಬರಿಗೆ ನಂಬಿಕೆ ಬರದ ಒಂದು ಮಾತು: ಒಂದು ಬದಿಯ ಚಕ್ರ ಮಾತ್ರ ಇಳಿದಿರುವುದಕ್ಕಿಂತ ಒಂದೂ ಇಳಿಯದಿರುವುದು ಎಷ್ಟೋ ಸಲ ವಾಸಿ. ಒಂದೇ ಬದಿ ಇದ್ದರೆ ಇನ್ನೊಂದು ರೆಕ್ಕೆ ನೆಲಕ್ಕೆ ಕಚ್ಚಿ ವಿಮಾನ ತಿರುಗಿಬಿಡುತ್ತದೆ. 2022ರಲ್ಲಿ ದಕ್ಷಿಣ ಕೊರಿಯಾದ ಸೊಸಾನ್‌ನಲ್ಲಿ ಹದ್ದು ಬಡಿದ ಎಫ್-35 ಮೂರೂ ಚಕ್ರ ಇಲ್ಲದೆ ಹೊಟ್ಟೆಯ ಮೇಲೆ ಇಳಿಯಿತು, ಪೈಲಟ್‌ಗೆ ಏನೂ ಆಗಲಿಲ್ಲ. ನಿಮ್ಮ ವಿಮಾನದ ಪುಸ್ತಕ "ಇಳಿಸಬೇಡ, ಇಜೆಕ್ಟ್ ಆಗು" ಅಂದರೆ ವಾದ ಬೇಡ, ಜನ ಇಲ್ಲದ ಕಡೆ ಹೋಗಿ ಹ್ಯಾಂಡಲ್ ಎಳೆಯಿರಿ.

ಇಳಿಸುವುದಾದರೆ ಬಾಂಬ್, ರಾಕೆಟ್‌ಗಳನ್ನು ಬಾಂಬ್ ಅಭ್ಯಾಸದ ರೇಂಜ್‌ನಲ್ಲಿ ಬಿಸಾಕಿ. ಹೊರಗೆ ನೇತುಹಾಕುವ ಇಂಧನದ ಡ್ರಾಪ್ ಟ್ಯಾಂಕ್ ಖಾಲಿಯಾಗಿದ್ದರೆ ಇಟ್ಟುಕೊಳ್ಳಿ ಅಂತ ಪುಸ್ತಕ ಹೇಳಿದರೆ ಇಟ್ಟುಕೊಳ್ಳಿ, ಉಜ್ಜುವ ಪೆಟ್ಟು ಅವೇ ತಿನ್ನುತ್ತವೆ. ಭುಜದ ಪಟ್ಟಿ ಲಾಕ್ ಮಾಡಿ.

ಎರಡನೇ ಸಲ ನಾನು ಒಬ್ಬನೇ ಇದ್ದೆ. ತುರ್ತು ಹಿಡಿಕೆ ಎಳೆದ ಕೆಲವು ಸೆಕೆಂಡಿಗೆ ಎಡಗಡೆಯೂ ಹಸಿರಾಯಿತು. ಮೆತ್ತಗೆ ಇಳಿಸಿ, ಟ್ಯಾಕ್ಸಿ ಮಾಡದೆ ರನ್‌ವೇ ಮೇಲೇ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ. ಏರ್‌ಮನ್ ಒಬ್ಬ ರೆಕ್ಕೆಯಡಿ ನುಸುಳಿ ಮೂರೂ ಚಕ್ರಕ್ಕೆ ಮಡಚದಂತೆ ತಡೆಯುವ ಪಿನ್ ಹಾಕಿ, ಹೊರಗೆ ಬಂದು ಹೆಬ್ಬೆರಳು ಎತ್ತಿದ. ಆಗ ಆರಿಸಿದೆ.