ಜೋತುಬಿದ್ದ ತಲೆಬಾಗಿಲನ್ನು ಕೀಸುವ ಮೊದಲು

ಮಳೆಗಾಲದಲ್ಲಿ ತಲೆಬಾಗಿಲು ಹೊಸ್ತಿಲಿಗೆ ಉಜ್ಜತೊಡಗಿದರೆ ಸಾಕು, ಈಗಿನವರು ಬಡಗಿಯನ್ನು ಕರೆಸಿ ಕೆಳಗಿನ ಅಂಚನ್ನು ಕೀಸಿಸಿಬಿಡುತ್ತಾರೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಆ ಸಂದಿಯಿಂದ ಜಿರಲೆ ನುಗ್ಗುತ್ತದೆಂದು ದೂರುತ್ತಾರೆ. ಬಾಗಿಲು ಉಬ್ಬಿದೆಯೋ ಜೋತಿದೆಯೋ ಎಂಬುದನ್ನು ಮೊದಲು ನೋಡಬೇಡವೇ? ಚಿಲಕದ ಕಡೆಯಿಂದ ಬಾಗಿಲನ್ನು ಮೇಲಕ್ಕೆತ್ತಿದಾಗ ಮೇಲಿನ ಬಿಜಾಗರಿ ಅಲುಗಿದರೆ ದೋಷ ಮರದ್ದಲ್ಲ, ತಿರುಪಿನದು. ಕದದ ಭಾರ ಮೇಲಿನ ಬಿಜಾಗರಿಯನ್ನು ಹೊರಕ್ಕೆ ಜಗ್ಗುತ್ತದೆ, ಕೆಳಗಿನದನ್ನು ಚೌಕಟ್ಟಿಗೆ ಒತ್ತುತ್ತದೆ. ಆದ್ದರಿಂದ ಮೊದಲು ಸಡಿಲವಾಗುವುದು ಮೇಲಿನದೇ.

ಬಿಗಿ ಮಾಡಿದರೂ ತಿರುಪು ಸುಮ್ಮನೆ ಸುತ್ತುತ್ತಿದ್ದರೆ ತೂತು ಸವೆದಿದೆ. ಅದಕ್ಕೆ ಬೆಂಕಿಕಡ್ಡಿ ತುರುಕುವವರನ್ನು ಕಂಡರೆ ನನಗೆ ರೇಗುತ್ತದೆ. ಅಷ್ಟು ಮೆದುವಾದ ಮರ ತಲೆಬಾಗಿಲನ್ನು ತಡೆದೀತೇ? ಬಿದಿರೇ ಆಗಬೇಕು. ನಮ್ಮ ಅತ್ತೆಯವರು ಹರಿದ ಮೊರವನ್ನು ಒಲೆಗೆ ಹಾಕಿದರೂ ಅದರ ಅಂಚಿನ ಬಿದಿರನ್ನು ಬಿಚ್ಚಿ ಅಟ್ಟದಲ್ಲಿ ಸಿಕ್ಕಿಸಿಡುತ್ತಿದ್ದುದು ಇಂಥ ಕೆಲಸಕ್ಕೇ. ಅದನ್ನು ಸಣ್ಣಗೆ ಸೀಳಿ, ಹೊಳೆಯುವ ಹೊರಸಿಪ್ಪೆಯನ್ನು ಪೂರ್ತಿ ಹೆರೆದು ತೆಗೆಯಿರಿ, ಏಕೆಂದರೆ ಆ ನುಣುಪಿನ ಮೇಲೆ ಅಂಟು ಕೂರುವುದಿಲ್ಲ. ಬಾಗಿಲಿನ ಕೆಳಗೆ ಬೆಣೆ ಕೊಟ್ಟು, ಒಂದು ಬಾರಿಗೆ ಒಂದೇ ಬಿಜಾಗರಿಯನ್ನು ಬಿಚ್ಚಿರಿ. ಚೂಪು ಮಾಡಿದ ಸೀಳುಗಳನ್ನು ಫೆವಿಕಾಲ್‌ನಲ್ಲಿ ಅದ್ದಿ, ಇನ್ನೊಂದು ಹಿಡಿಸದು ಎನ್ನುವವರೆಗೆ ತೂತಿಗೆ ತುಂಬಿ, ಮೆಲ್ಲನೆ ಬಡಿಯಿರಿ. ರಾತ್ರಿಯಿಡೀ ಅದನ್ನು ಮುಟ್ಟಬಾರದು. ಆತುರಪಟ್ಟರೆ ಮಾಡಿದ್ದೆಲ್ಲ ನೀರುಪಾಲು. ಬೆಳಗ್ಗೆ ಹೊರಚಾಚಿದ್ದನ್ನು ಉಳಿಯಿಂದ ಸಮಕ್ಕೆ ಕತ್ತರಿಸಿ, ನಡುವೆ ಮೊಳೆಯಿಂದ ಸಣ್ಣ ಗುರುತು ಮಾಡಿ, ತಿರುಪಿನ ಸುತ್ತುಗಳಿಗೆ ಸವೆದ ಸಾಬೂನಿನ ಚೂರನ್ನು ಸವರಿ, ಯಂತ್ರ ಬಳಸದೆ ಕೈಯಿಂದಲೇ ತಿರುಗಿಸಿರಿ. ಕೊನೆಯ ಸುತ್ತಿಗೆ ಮಣಿಕಟ್ಟು ನೋಯಬೇಕು, ಆಗ ಹಿಡಿದಿದೆ ಎಂದು ನಂಬಬಹುದು.

ಇಷ್ಟಾದರೂ ಚಿಲಕದ ಕಡೆಯ ಮೇಲಿನ ಮೂಲೆ ತಾಗುತ್ತಿದ್ದರೆ, ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕೆಳಗಿನ ಬಿಜಾಗರಿಯ ಅಳತೆಗೆ ಕತ್ತರಿಸಿ ಅದರ ಹಿಂದೆ ಇಡಿ. ಬಾಗಿಲಿನ ಬುಡ ತುಸು ಹೊರಸರಿದು ಆ ಮೂಲೆ ಬಿಡಿಸಿಕೊಳ್ಳುತ್ತದೆ.

ಇನ್ನು ಉಬ್ಬುವ ಮಾತು. ಬಣ್ಣ ಬಳಿಯುವವರು ಬಾಗಿಲಿನ ಕೆಳ ಅಂಚನ್ನು ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ, ಮನೆಯವರು ದಿನವೂ ಹೊಸ್ತಿಲಿಗೆ ಬಿಂದಿಗೆಗಟ್ಟಲೆ ನೀರು ಸುರಿಯುತ್ತಾರೆ, ಬಣ್ಣ ಕಾಣದ ಬರಿಯ ಮರ ಅದನ್ನೆಲ್ಲ ಹೀರುತ್ತದೆ. ಹೊಸ್ತಿಲಿಗೆ ಅರಿಶಿನ ಹಚ್ಚಿ ರಂಗೋಲಿ ಎಳೆಯಲು ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿದರೆ ಧಾರಾಳವಾಯಿತು. ಕೀಸಲೇಬೇಕೆಂದಿದ್ದರೆ ಮಾರ್ಚ್ ಏಪ್ರಿಲ್ ಬರುವವರೆಗೆ ಕಾದು, ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ತೆಗೆದು, ಸುಣ್ಣ ಅಳಿಸಿದ ಜಾಗವನ್ನಷ್ಟೇ ಕೀಸಿ, ಅದೇ ದಿನ ಅಲ್ಲಿಗೆ ವಾರ್ನಿಷ್ ಹಚ್ಚಿಸಿರಿ.