ಗೋಳಗುಮ್ಮಟ ಬಿಡಿ, ಮುಖ ಕಾಣಲಿ

ವಿಜಯಪುರದವರ ವಾಟ್ಸ್‌ಆ್ಯಪ್ ಪಟ್ಟಿ ತೆರೆದರೆ ನಾಲ್ಕಾರು ಡಿಪಿಗಳಲ್ಲಿ ಗೋಳಗುಮ್ಮಟ ಇದ್ದೇ ಇರುತ್ತದೆ. ಸುಮಾರು 50 ಮೀಟರ್ ಎತ್ತರದ ಕಟ್ಟಡ ಪೂರ್ತಿ ಬರಲಿ ಎಂದು ಫೋಟೋ ತೆಗೆಯುವವರು ದೂರ ದೂರ ಸರಿಯುತ್ತಾರೆ. ಗುಮ್ಮಟ, ಮಿನಾರು ಎಲ್ಲ ಚೆಂದ ಬರುತ್ತವೆ. ಮುಂದೆ ನಿಂತವರು ಚುಕ್ಕಿಯಾಗಿರುತ್ತಾರೆ. ಗ್ಯಾಲರಿಯಲ್ಲಿ ಇಟ್ಟುಕೊಳ್ಳಲು ಅದು ಒಳ್ಳೆಯ ಫೋಟೋನೇ. ಡಿಪಿಗೆ ಹಾಕಿದಾಗ ಮಾತ್ರ "ಇದ್ರಾಗ ನಿಮ್ಮ ಮಾರಿ ಎಲ್ಲೈತ್ರೀ?" ಎಂದು ಕೇಳಬೇಕಾಗುತ್ತದೆ.

ಪ್ರೊಫೈಲ್ ಫೋಟೋವನ್ನು ಒತ್ತಿ ದೊಡ್ಡದು ಮಾಡಿ ನೋಡುವವರು ಕಡಿಮೆ. ಹೆಚ್ಚಿನವರ ಕಣ್ಣಿಗೆ ಬೀಳುವುದು ಹೆಸರಿನ ಪಕ್ಕದಲ್ಲಿರುವ, ಶೇಂಗಾಬೀಜದಷ್ಟು ಸಣ್ಣ ವೃತ್ತ. ಆ ಗಾತ್ರದಲ್ಲಿ ಏನು ಕಾಣುತ್ತದೆ ಎನ್ನುವುದರಿಂದಲೇ ಎಲ್ಲ ಶುರು ಮಾಡಬೇಕು. ಮುಖ, ಅಂಗಡಿಯ ಗುರುತು, ಸಂಘದ ಲಾಂಛನ ಯಾವುದಕ್ಕಾದರೂ ಇದೇ ಲೆಕ್ಕ.

ಫೋಟೋ ತೆಗೆಯುವಾಗ

ನಮ್ಮ ಕಡೆಯ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ನಿಂತರೆ ಕಣ್ಣು ಕಿರಿದಾಗುತ್ತವೆ, ಹುಬ್ಬಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಅದರ ಬದಲು ಪಡಸಾಲೆಯಲ್ಲಿ, ತಲೆಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಹೊರಗಡೆ ಮುಖ ಮಾಡಿ ನಿಲ್ಲಿ. ನೇರ ಬಿಸಿಲು ತಾಗುವುದಿಲ್ಲ, ಬೆಳಕು ಮಾತ್ರ ಮುಖದ ಮೇಲೆ ಸಮನಾಗಿ ಹರಡುತ್ತದೆ. ಇಷ್ಟು ಒಳ್ಳೆಯ ಬೆಳಕು ಎಷ್ಟೋ ಸ್ಟುಡಿಯೋಗಳಲ್ಲೂ ಸಿಗುವುದಿಲ್ಲ.

ಹಿನ್ನೆಲೆಯ ಬಣ್ಣ ತಲೆಯ ಬಣ್ಣದಿಂದ ಬೇರೆಯಾಗಿರಬೇಕು. ಬಿಳಿ ಟೋಪಿ ಹಾಕಿಕೊಂಡ ಹಿರಿಯರನ್ನು ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿದರೆ ಟೋಪಿ ಗೋಡೆಯಲ್ಲಿ ಸೇರಿಹೋಗಿ, ಹಣೆಯಿಂದ ಕೆಳಗಷ್ಟೇ ಉಳಿಯುತ್ತದೆ. ಹಿಂದೆ ಒಂದು ಕರಿ ಕಂಬಳಿ ತೂಗುಹಾಕಿ ನೋಡಿ, ಟೋಪಿಯ ಅಂಚು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ತಲೆತುಂಬ ಕಪ್ಪು ಕೂದಲಿರುವವರಿಗೆ ಇದು ತಿರುಗುಮುರುಗು: ಅವರಿಗೆ ಸುಣ್ಣದ ಗೋಡೆಯೇ ಸರಿ.

ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಬರುತ್ತದೆ. ಬೇರೆಯವರ ಕೈಗೆ ಕೊಟ್ಟು, ನಾಲ್ಕೈದು ಅಡಿ ದೂರದಿಂದ ಹಿಂಬದಿಯ ಕ್ಯಾಮೆರಾದಲ್ಲಿ ತೆಗೆಸಿ. ಮೊದಲು ಲೆನ್ಸ್ ಅನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಮಂಕಾಗಿ ಬರುವ ಎಷ್ಟೋ ಫೋಟೋಗಳಿಗೆ ಕಾರಣ ಬೆರಳಿನ ಜಿಡ್ಡು.

ಕತ್ತರಿಸುವುದು

ಬಹುಪಾಲು ಕಡೆ ಚೌಕದ ಚಿತ್ರ ಕೇಳುತ್ತಾರೆ, ತೋರಿಸುವಾಗ ಮಾತ್ರ ವೃತ್ತ ಮಾಡುತ್ತಾರೆ. ಚೌಕದೊಳಗೆ ವೃತ್ತ ಹಾಕಿದರೆ ನಾಲ್ಕು ಮೂಲೆಗಳಲ್ಲಿ ಸೇರಿ ಶೇ 21ಕ್ಕೂ ಹೆಚ್ಚು ಭಾಗ ಹೋಗುತ್ತದೆ. ಆದ್ದರಿಂದ ಮೂಲೆಯಲ್ಲಿ ಬೇಕಾದದ್ದೇನೂ ಇರಬಾರದು. ಗ್ಯಾಲರಿಯ ಎಡಿಟ್‌ನಲ್ಲಿ ಕ್ರಾಪ್ ಒತ್ತಿ, 1:1 ಅಳತೆ ಆರಿಸಿ, ತಲೆಯಿಂದ ಭುಜದವರೆಗೆ ಇಟ್ಟುಕೊಂಡು ಉಳಿದದ್ದನ್ನು ತೆಗೆಯಿರಿ. ನೆತ್ತಿಯ ಮೇಲೆ ಸ್ವಲ್ಪ ಜಾಗ ಬಿಡಿ.

ಯೂಟ್ಯೂಬ್ 800 x 800 ಪಿಕ್ಸೆಲ್ ಇರಲಿ ಎನ್ನುತ್ತದೆ, ಎಕ್ಸ್‌ಗೆ (ಹಿಂದಿನ ಟ್ವಿಟರ್) 400 x 400 ಸಾಕು. 800ರ ಚೌಕ ಒಂದು ಮಾಡಿಟ್ಟುಕೊಂಡರೆ ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತದೆ. ಮುಖದ ಫೋಟೋ ಜೆಪೆಗ್‌ನಲ್ಲಿರಲಿ. ಲಾಂಛನ, ಅಕ್ಷರ ಇದ್ದರೆ ಪಿಎನ್‌ಜಿ ಒಳ್ಳೆಯದು, ಅಂಚುಗಳು ಕಲಸಿದಂತಾಗುವುದಿಲ್ಲ. ಜೆಪೆಗ್ ಅನ್ನು ಪ್ರತಿ ಸಲ ತಿದ್ದಿ ಉಳಿಸಿದಾಗ ಗುಣಮಟ್ಟ ಒಂದಿಷ್ಟು ಇಳಿಯುತ್ತದೆ. ಹಾಗಾಗಿ ಮೂಲ ಫೋಟೋ ಮುಟ್ಟದೆ, ಪ್ರತಿಯ ಮೇಲೆ ಕೆಲಸ ಮಾಡಿ.

ಅಂಗಡಿಯವರಿಗೆ ಒಂದು ಮಾತು

ಖಾನಾವಳಿ ನಡೆಸುವವರು, ಮನೆಯಲ್ಲೇ ರೊಟ್ಟಿ ಬಡಿದು ಮಾರುವ ತಾಯಂದಿರು ಈಗ ಆರ್ಡರ್ ತೆಗೆದುಕೊಳ್ಳುವುದು ಫೋನಿನಲ್ಲೇ. ಅವರಲ್ಲಿ ಹಲವರು ಇಡೀ ಬೋರ್ಡನ್ನೇ ಡಿಪಿಗೆ ಹಾಕಿರುತ್ತಾರೆ. ಕನ್ನಡ ಲಿಪಿಗೆ ಅಲ್ಲಿ ಕಷ್ಟವಿದೆ. ಅಕ್ಷರ ಸಣ್ಣದಾದಂತೆ ಮೊದಲು ಮಾಯವಾಗುವುದು ಒತ್ತು: 'ರೊಟ್ಟಿ' ಬರೆದದ್ದು 'ರೊಟಿ' ಆಗಿ ಕಾಣುತ್ತದೆ, 'ಅಕ್ಕ' 'ಅಕ' ಆಗುತ್ತದೆ. ಹೆಸರಂತೂ ಡಿಪಿಯ ಪಕ್ಕದಲ್ಲೇ ಇರುತ್ತದಲ್ಲ! ಚಿತ್ರದಲ್ಲಿ ಮೊದಲಕ್ಷರ ಒಂದನ್ನೇ ದಪ್ಪಗೆ ಬರೆಸಿ, ಇಲ್ಲವೇ ಮೇಲಿನಿಂದ ತೆಗೆದ ಒಂದು ಜೋಳದ ರೊಟ್ಟಿಯ ಚಿತ್ರ ಹಾಕಿ. ಎಣ್ಣೆಗಾಯಿ, ಹಿಂಡಿ, ಮೊಸರು ತುಂಬಿದ ತಾಟು ಹಸಿವು ಹುಟ್ಟಿಸಬಹುದು, ಆದರೆ ಅಷ್ಟು ಸಣ್ಣ ವೃತ್ತದಲ್ಲಿ ಅದು ಗುರುತೇ ಸಿಗುವುದಿಲ್ಲ.

ಕೊನೆಗೊಮ್ಮೆ ಫೋನನ್ನು ಕೈಚಾಚಿ ದೂರ ಹಿಡಿದು, ಚಿತ್ರವನ್ನು ಬೆರಳಿನಿಂದ ಚಿಕ್ಕದು ಮಾಡಿ ನೋಡಿ. ಗುರುತು ಸಿಕ್ಕರೆ ಮುಂದಕ್ಕೆ ಹೋಗಿ.

ಎಲ್ಲಿ ಇಡುವುದು?

ಹೆಚ್ಚಿನ ಕಡೆ ಚಿತ್ರವನ್ನು ಫೋನಿನಿಂದಲೇ ಅಪ್‌ಲೋಡ್ ಮಾಡಬಹುದು, ಅಲ್ಲಿಗೆ ಕೆಲಸ ಮುಗಿಯಿತು. ಕೆಲವು ಕಡೆ ಮಾತ್ರ ಚಿತ್ರದ ಲಿಂಕ್ ಕೇಳುತ್ತಾರೆ. ಅಂದರೆ ಚಿತ್ರವನ್ನು ಬೇರೊಂದು ಸರ್ವರ್‌ನಲ್ಲಿ ಇಟ್ಟು ಅದರ ವಿಳಾಸ ಕೊಡಬೇಕು. ಜನ ಸೋಲುವುದು ಇಲ್ಲೇ. ಗೂಗಲ್ ಡ್ರೈವ್‌ನ ಶೇರ್ ಲಿಂಕ್ ಹಾಕುತ್ತಾರೆ, ಚಿತ್ರ ಬರುವುದಿಲ್ಲ. ಆ ಲಿಂಕ್ ತೆರೆಯುವುದು ಚಿತ್ರ ತೋರಿಸುವ ಒಂದು ಪುಟವನ್ನು, ಬರೀ ಚಿತ್ರವನ್ನಲ್ಲ. ಫೇಸ್‌ಬುಕ್‌ನಲ್ಲಿರುವ ಚಿತ್ರದ ವಿಳಾಸ ನಕಲು ಮಾಡಿದರೆ ಇವತ್ತು ಕಾಣುತ್ತದೆ, ಸ್ವಲ್ಪ ದಿನದಲ್ಲಿ ಆ ವಿಳಾಸದ ಅವಧಿ ಮುಗಿದು ಖಾಲಿ ಚೌಕ ಉಳಿಯುತ್ತದೆ.

ಪರೀಕ್ಷೆ ಸುಲಭ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಎಲ್ಲೂ ಲಾಗಿನ್ ಆಗದೆ ಲಿಂಕ್ ತೆರೆಯಿರಿ. ಬೇರೆ ಬಟನ್ನು, ಬರಹ ಯಾವುದೂ ಇಲ್ಲದೆ ಚಿತ್ರ ಒಂದೇ ಬಂದರೆ ಲಿಂಕ್ ಸರಿಯಿದೆ. ವಿಳಾಸ ಎಚ್‌ಟಿಟಿಪಿಎಸ್‌ನಿಂದ (https) ಶುರುವಾಗಿದೆಯೇ ಎಂದೂ ನೋಡಿ.

ಸ್ವಂತ ವೆಬ್‌ಸೈಟ್ ಇದ್ದವರು, ಗಿಟ್‌ಹಬ್ ಪೇಜಸ್‌ನಂಥ ಉಚಿತ ಜಾಗ ಬಳಸುವವರು ಚಿತ್ರವನ್ನು ಅಲ್ಲೇ ಇಡುವುದು ಒಳ್ಳೆಯದು. ಫೈಲಿನ ಹೆಸರಿಗೆ ಮಾತ್ರ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಿ, ನಡುವೆ ಜಾಗ ಬಿಡಬೇಡಿ. ಕನ್ನಡದಲ್ಲಿ ಹೆಸರಿಡಲು ನನಗೂ ಇಷ್ಟ. ಆದರೆ ಲಿಂಕ್ ನಕಲು ಮಾಡಿದಾಗ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ ಶೇಕಡಾ ಗುರುತು (%) ಸೇರಿದ 9 ಚಿಹ್ನೆಗಳಾಗಿ ಹಿಗ್ಗುತ್ತದೆ. ಅಷ್ಟುದ್ದದ ವಿಳಾಸ ಎಲ್ಲೋ ಒಂದು ಕಡೆ ತುಂಡಾಗುತ್ತದೆ. ಇನ್ನು ಬೇರೆಯವರ ಸೈಟಿನಲ್ಲಿರುವ ಚಿತ್ರಕ್ಕೆ ಲಿಂಕ್ ಕೊಡುವುದು ಬೇಡವೇ ಬೇಡ. ಅವರ ಡೇಟಾ ಖರ್ಚಾಗುತ್ತದೆ, ಅವರು ಚಿತ್ರ ಬದಲಿಸಿದರೆ ನಿಮ್ಮದೂ ಬದಲಾಗುತ್ತದೆ.

ಇನ್ನೊಂದು ದಾರಿ ಗ್ರಾವಟಾರ್ ಎಂಬ ಸೇವೆ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿ ಇದನ್ನು 2007ರಲ್ಲಿ ಕೊಂಡುಕೊಂಡಿತು. ನಿಮ್ಮ ಇಮೇಲ್‌ನಿಂದ ಖಾತೆ ತೆರೆದು, ಚೌಕದ ಚಿತ್ರ ಏರಿಸಿ, ಅದನ್ನು ಆ ಇಮೇಲ್‌ಗೆ ಜೋಡಿಸಬೇಕು. ಆಮೇಲೆ ಗ್ರಾವಟಾರ್ ಬಳಸುವ ಸೈಟುಗಳಲ್ಲಿ ಅದೇ ಇಮೇಲ್ ಕೊಟ್ಟರೆ ಚಿತ್ರ ತಾನಾಗಿ ಬರುತ್ತದೆ, ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಅನುಕೂಲದ ಜತೆ ಒಂದು ಎಚ್ಚರವೂ ಬೇಕು. ಈ ಚಿತ್ರ ಯಾರು ಬೇಕಾದರೂ ನೋಡಬಹುದಾದದ್ದು, ಒಂದೇ ಚಿತ್ರದಿಂದ ನಿಮ್ಮ ಬೇರೆ ಬೇರೆ ಖಾತೆಗಳನ್ನು ಜೋಡಿಸಿ ಗುರುತು ಹಿಡಿಯಬಹುದು. ಅದು ಬೇಡವೆನ್ನುವವರು ಬೇರೆ ಇಮೇಲ್ ಬಳಸಲಿ.

ಹಾಕುವ ಮೊದಲು, ಹಾಕಿದ ಮೇಲೆ

ಫೋಟೋ ಫೈಲಿನೊಳಗೆ ತೆಗೆದ ಜಾಗದ ಜಿಪಿಎಸ್ ಗುರುತು ಇರಬಹುದು. ಮನೆಯಲ್ಲಿ ತೆಗೆದದ್ದಾದರೆ ಮನೆಯ ವಿಳಾಸವನ್ನೇ ಕೊಟ್ಟಂತೆ. ದೊಡ್ಡ ಜಾಲತಾಣಗಳು ಇದನ್ನು ಸಾಮಾನ್ಯವಾಗಿ ತೆಗೆದುಹಾಕುತ್ತವೆ, ನೀವೇ ಇಟ್ಟ ಸರ್ವರ್‌ನಲ್ಲಿ ಅದು ಹಾಗೇ ಉಳಿಯುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ ಫೋಟೋ ತೆಗೆಯುವುದು ಸರಳ ಉಪಾಯ.

ನಮ್ಮ ಅಕ್ಕತಂಗಿಯರು ಮುಖದ ಬದಲು ಹೂವು, ದೇವರ ಚಿತ್ರ ಹಾಕುವುದುಂಟು. ಅದರಲ್ಲಿ ತಪ್ಪೇನಿಲ್ಲ. ನೆಟ್‌ನಿಂದ ಇಳಿಸಿದ್ದರ ಬದಲು ತಾವೇ ಹಾಕಿದ ರಂಗೋಲಿಯದೋ, ಗುಳೇದಗುಡ್ಡ ಖಣದ ಒಂದು ಬುಟ್ಟಾದ್ದೋ ಹತ್ತಿರದ ಚಿತ್ರ ತೆಗೆದು ಹಾಕಲಿ. ಹಕ್ಕಿನ ತಕರಾರು ಬರುವುದಿಲ್ಲ, ಗುರುತೂ ಅವರದೇ ಆಗುತ್ತದೆ. ಮುಖವೇ ಹಾಕುವವರು ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ತೆರೆದು, ಪ್ರೊಫೈಲ್ ಫೋಟೋವನ್ನು 'ಮೈ ಕಾಂಟ್ಯಾಕ್ಟ್ಸ್' ಎಂದು ಇಟ್ಟುಕೊಳ್ಳಲಿ.

ನಿಮ್ಮದೇ ಡಿಪಿ ಹಾಕಿಕೊಂಡ ಬೇರೆ ನಂಬರಿನಿಂದ ಬಂಧುಗಳಿಗೆ "ಅರ್ಜೆಂಟ್ ರೊಕ್ಕ ಬೇಕಾಗೇತಿ" ಎಂಬ ಸಂದೇಶ ಹೋದರೆ ಆ ನಂಬರನ್ನು ರಿಪೋರ್ಟ್ ಮಾಡಿ, ಬಳಗದವರಿಗೆಲ್ಲ ಕೂಡಲೇ ಫೋನ್ ಮಾಡಿ ತಿಳಿಸಿ. ಯಾರಾದರೂ ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.